ಹುಚ್ಚಮ್ಮನ ಹಳದಿ ಡೋಜರ್

ಹುಚ್ಚಮ್ಮನಿಗೆ ಗಂಡಸರ ಬಗ್ಗೆ ಒಳ್ಳೆಯ ಅಭಿಪ್ರಾಯ ಯಾವತ್ತೂ ಇರಲಿಲ್ಲ. ಹಾಗಂತ ಹೆಂಗಸರ ಬಗ್ಗೆ ಇತ್ತು ಅಂತಲ್ಲ, ಅವರ ಬಗ್ಗೆ ಯೋಚನೆ ಮಾಡೋಕೆ ಪುರುಸೊತ್ತಿರಲಿಲ್ಲ ಅಷ್ಟೆ. ಕೊಡ್ಲಿಪೇಟೆಯಿಂದ ನಾಲ್ಕು ಮೈಲಿ ಈಚೆ, ರಸ್ತೆ ಪಕ್ಕದ ಹೆಂಚಿನ ಮನೆಯ ಜಗಲಿಯಲ್ಲಿ ಕೂತು ಎಲೆಅಡಿಕೆ ಜಗಿಯುತ್ತಾ, ಹೋಗುವವರನ್ನೂ ಬರುವವರನ್ನೂ ಅವಳು ಒಂದೇ ಹೆಸರಿನಿಂದ ಕರೆಯುತ್ತಿದ್ದಳು. ದಂಡಪಿಂಡ. ಪಂಚಾಯ್ತಿ ಮೆಂಬರು ದಂಡಪಿಂಡ, ಮೀಟರ್ ನೋಡೋಕೆ ಬರುವ ಕರೆಂಟಿನವನು ದಂಡಪಿಂಡ, ಮೂರು ಸಲ ಫೇಲಾಗಿ ನಾಲ್ಕನೇ ಸಲ ಪಾಸಾದ ಎದುರು ಮನೆಯವನು ಎರಡು ಪಟ್ಟು ದಂಡಪಿಂಡ. ಮಗಳು ಅನುಶ್ರೀ ಕಟ್ಟಿಕೊಂಡ ಶಿವಪ್ರಕಾಶನ ವಿಷಯದಲ್ಲಿ ಮಾತ್ರ ಆ ಪದವನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಅಳಿಯನಿಗೆ ಮರ್ಯಾದೆ ಕೊಡಬೇಕು ಎಂಬ ಸಂಪ್ರದಾಯ ಇದೆಯಲ್ಲ. ಅವನನ್ನು ಅವಳು "ಅಳಿಯಂದ್ರೇ" ಎನ್ನುತ್ತಿದ್ದಳು. ಅದನ್ನು ಕೇಳಿದವರಿಗೆ ದಂಡಪಿಂಡ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸುತ್ತಿತ್ತು.

ಅವಳು ನಿಜವಾಗಿ ಮರ್ಯಾದೆ ಕೊಡುತ್ತಿದ್ದದ್ದು ಹಿತ್ತಲಿನಲ್ಲಿ, ಶೀಟಿನ ಮಾಡಿನ ಕೆಳಗೆ ನಿಂತಿದ್ದ ಡೋಜರಿಗೆ. ಗಂಡ ನಾಗರಾಜು ಅರಕಲಗೂಡು ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವನು. ಮಡಿಕೇರಿಯಲ್ಲಿ ಯಾವುದೋ ಕಂಟ್ರಾಕ್ಟರನ ಹಳೇ ಡೋಜರ್ ಹರಾಜಿಗೆ ಬಂದಾಗ ಹಿಡಿದುಕೊಂಡು ಬಂದಿದ್ದ. ಸುತ್ತಲಿನ ಇಪ್ಪತ್ತು ಊರಲ್ಲಿ ಯಾವ ಗದ್ದೆ ಸಮ ಆಗಿದ್ದರೂ, ಯಾವ ಎಸ್ಟೇಟಿಗೆ ರಸ್ತೆ ಬಿದ್ದಿದ್ದರೂ, ಅದರಲ್ಲಿ ಅರ್ಧದಷ್ಟು ಈ ಮಿಷನ್ನು ಮಾಡಿದ ಕೆಲಸ. ಇಪ್ಪತ್ತೈದು ವರ್ಷ ಆ ಇಂಜಿನ್ನಿನ ಹಿಂದೆ ಕೂತು ನಾಗರಾಜುವಿನ ಎರಡು ಕಿವಿಯೂ ಹೋಗಿದ್ದವು. ಅವನ ಹತ್ತಿರ ಏನೇ ಹೇಳಬೇಕಿದ್ದರೂ ಕೂಗಿ ಹೇಳಬೇಕು. ಒಳ್ಳೆಯ ಮಾತನ್ನು ಯಾರೂ ಕೂಗಿ ಹೇಳುವುದಿಲ್ಲವಲ್ಲ, ಹಾಗಾಗಿ ಹುಚ್ಚಮ್ಮನ ಬಾಯಿಂದ ಗಂಡನ ಕಿವಿಗೆ ತಲುಪಿದ್ದು ಬರೀ ಬೈಗುಳ. ಅವನು ಹಲ್ಲು ಕಿಸಿದು ಸುಮ್ಮನಾಗುತ್ತಿದ್ದ.

ಹತ್ತು ವರ್ಷದ ಹಿಂದೆ ಅಶ್ವಥ್ ಎಂಬುವವರ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣ ಸಮ ಮಾಡುತ್ತಿದ್ದಾಗ ಡೋಜರ್ ನಿಂತುಹೋಯಿತು. ಮತ್ತೆ ಸ್ಟಾರ್ಟ್ ಆಯಿತು, ಹತ್ತು ನಿಮಿಷ ಓಡಿತು, ಮತ್ತೆ ನಿಂತಿತು. ನಾಗರಾಜು ಡೀಸೆಲ್ ಪಂಪ್ ಬಿಚ್ಚಿ ಜೋಡಿಸಿದ. ಹತ್ತು ನಿಮಿಷ. ಇನ್ನೊಮ್ಮೆ ಬಿಚ್ಚಿದ. ಮತ್ತೆ ಹತ್ತೇ ನಿಮಿಷ. ಮೂರನೇ ದಿನ ಊಟದ ಕ್ಯಾರಿಯರ್ ಹಿಡಿದುಕೊಂಡು ಹೋದ ಹುಚ್ಚಮ್ಮ, ಲೆಕ್ಕ ಬರೆಯುವ ರೈಟರು, ಲೈನ್ ಮನೆಗಳ ಆಳುಗಳು, ಸ್ವತಃ ಸಾಹುಕಾರರು ನಿಂತು ನೋಡುತ್ತಿರುವಾಗ, ಕಣದ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಹೇಳಿದಳು:

"ನಿನ್ ಕೈ ಹೋಯ್ತು ಕಣಯ್ಯ. ಮಿಷನ್ ಚೆನ್ನಾಗೇ ಐತೆ. ನಿಂಗೆ ಕೆಲ್ಸ ಮರ್ತೋಗೈತೆ, ದಂಡಪಿಂಡ."

ಯಾರೋ ಕಿಸಕ್ಕೆಂದರು. ನಾಗರಾಜುವಿಗೆ ಅದು ಕೇಳಿಸಲಿಲ್ಲ, ಅವಳ ಮಾತು ಕೇಳಿಸಿತು. ಅವನು ಮಾರನೆಯ ದಿನ ಡೋಜರನ್ನು ನಿಲ್ಲಿಸಿಕೊಂಡು ನಿಲ್ಲಿಸಿಕೊಂಡು ಮನೆಗೆ ತಂದ. ಟ್ಯಾಂಕಿನ ಬಾಯಿವರೆಗೆ ಡೀಸೆಲ್ ತುಂಬಿದ. ನಿಲ್ಲಿಸುವ ಮಿಷನ್ನಿನ ಟ್ಯಾಂಕಿನಲ್ಲಿ ಜಾಗ ಬಿಟ್ಟರೆ ಒಳಗೆ ನೀರು ಕಟ್ಟುತ್ತದೆ ಅನ್ನುವುದು ಅವನ ಕಟ್ಟುನಿಟ್ಟು. ಸೈಲೆನ್ಸರಿಗೆ ಡಾಲ್ಡಾ ಡಬ್ಬಿ ಮುಚ್ಚಿದ. ಆಮೇಲೆ ಅದರ ಸೀಟಿನ ಮೇಲೆ ಅವನು ಕೂತದ್ದೇ ಇಲ್ಲ. ಎರಡು ವರ್ಷ ಜಗಲಿಯಲ್ಲಿ ಕೂತ, ಒಂದು ಬೆಳಿಗ್ಗೆ ಅಲ್ಲೇ ಹೋಗಿಬಿಟ್ಟ.

ಗಂಡ ಹೋದ ಮೇಲೂ ಹುಚ್ಚಮ್ಮ ತನ್ನ ಮಾತು ಬದಲಿಸಲಿಲ್ಲ. ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿದಳು: ಮಿಷನ್ ಚೆನ್ನಾಗೇ ಐತೆ, ಅನು ಅಪ್ಪಂಗೆ ಕೈ ಹೋಗಿತ್ತು. ಗಂಡನ ಹೆಸರು ಹಿಡಿದು ಅವಳು ಯಾವತ್ತೂ ಕರೆದವಳಲ್ಲ. ಹೆಸರು ಹೇಳುವುದು ತಪ್ಪು, ಮಾನ ಕಳೆಯುವುದು ತಪ್ಪಲ್ಲ ಎಂಬುದು ಅವಳ ಲೆಕ್ಕ. ಮಿಷನ್ನನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಪೇಟೆಯಿಂದ ಹಳದಿ ಪೇಂಟ್ ತರಿಸಿ ಬ್ಲೇಡಿನಿಂದ ಹಿಡಿದು ಹಿಂದಿನ ಕೊಕ್ಕೆಯವರೆಗೆ ತಾನೇ ಬಳಿಯುತ್ತಿದ್ದಳು. ಅರಿಶಿನ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಗಾಲಿ ಸುತ್ತಿದ ಕಬ್ಬಿಣದ ಚೈನಿನ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. ಹತ್ತು ವರ್ಷ ಅಲ್ಲಾಡದ ಚೈನಿನ ಕೆಳಗೆ ಆ ನಿಂಬೆಹಣ್ಣುಗಳು ಒಣಗಿ ಕಪ್ಪಾಗುತ್ತಿದ್ದವು.

ಈಗ ಅಳಿಯನಿಗೆ ಹೋಂ ಸ್ಟೇ ಮಾಡುವ ಹುಚ್ಚು ಹಿಡಿದಿತ್ತು. ಕೊಡಗಿನಲ್ಲಿ ಒಂದು ಹೆಚ್ಚುವರಿ ಕೋಣೆ ಇದ್ದವರಿಗೆಲ್ಲ ಹಿಡಿಯುವ ರೋಗ ಅದು. ಬರುವವರ ಕಾರು ನಿಲ್ಲಿಸಲು ಹಿತ್ತಲು ಬೇಕು, ಹಿತ್ತಲು ಬೇಕೆಂದರೆ ಡೋಜರ್ ಹೋಗಬೇಕು. ಶಿವಪ್ರಕಾಶ ಗುಜರಿಯವನಿಗೆ ಫೋನ್ ಮಾಡಿ ಶುಕ್ರವಾರಕ್ಕೆ ಬರಹೇಳಿದ. ಗ್ಯಾಸ್ ಕಟರಿನಲ್ಲಿ ಅಲ್ಲೇ ತುಂಡು ಮಾಡಿ ಲಾರಿಗೆ ಹಾಕುತ್ತಾರಂತೆ. ಅನುಶ್ರೀ ತಾಯಿಯ ಮುಖ ನೋಡಲಾರದೆ ಒಲೆಯ ಕಡೆ ತಿರುಗಿಕೊಂಡಿದ್ದಳು.

"ಕಾಲ್ ಮೇಲೆ ನಡಿಯೋ ಮಿಷನ್ನು ಗುಜರಿ ಹೆಂಗಾಯ್ತದೆ ಅಳಿಯಂದ್ರೇ?" ಎಂದಳು ಹುಚ್ಚಮ್ಮ.

"ನಡೆದ್ರೆ ತಾನೇ ಅತ್ತೆ."

"ನಡೆದ್ರೆ?"

"ಶೆಡ್ಡಿಂದ ಹೊರಟು ತೋಟದ ಮೇಲಿನ ಗೇಟ್ ಮುಟ್ಟಿ ವಾಪಸ್ ಬಂದ್ರೆ, ನಾನು ಇನ್ಮೇಲೆ ಅದರ ಸುದ್ದಿಗೇ ಬರಲ್ಲ. ಇಲ್ಲಾಂದ್ರೆ ನೀವು ಬರಬಾರ್ದು."

"ಆಯ್ತು. ನಡೀಲಿಲ್ಲ ಅಂದ್ರೆ ಕುಯ್ಯೋರ್ಗೆ ನಾನೇ ಕಾಫಿ ಕಾಸ್ಕೊಡ್ತೀನಿ" ಎಂದಳು.

ಹಾಗಂದಳೇನೋ ನಿಜ, ಆ ರಾತ್ರಿಯೇ ಗಂಡನ ಹಳೇ ಶಿಷ್ಯ ಸೋಮನಿಗೆ ಹೇಳಿಕಳಿಸಿದಳು. ಅವಳಿಗೆ ಡೋಜರ್ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಹತ್ತು ವರ್ಷ ಹೇಳಿಕೊಂಡು ಬಂದ ಮಾತು ಉಳಿಯಬೇಕಿತ್ತು. ಮಿಷನ್ ಕೆಟ್ಟಿದೆ ಅಂತಾದರೆ ಅಂದು ಕಣದಲ್ಲಿ ಅವಳು ಕೂಗಿದ್ದು ಸುಳ್ಳಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸೋಮ ಬಂದ. ನಾಗರಾಜುವಿನ ಕೈಕೆಳಗೆ ಹದಿನೈದು ವರ್ಷ ಡೋಜರಿನಲ್ಲಿ ದುಡಿದು, ಆಮೇಲೆ ಕೊಡ್ಲಿಪೇಟೆಯಲ್ಲಿ ಸ್ವಂತ ಗ್ಯಾರೇಜ್ ಹಾಕಿಕೊಂಡವನು. ಐವತ್ತು ದಾಟಿದೆ, ತಲೆ ನುಣ್ಣಗಾಗಿದೆ, ಗುರುವಿನ ಹಾಗೆ ಇವನ ಕಿವಿಯೂ ಮಂದ. ಹುಚ್ಚಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಸ್ಕೂಟರ್ ರಿಪೇರಿ ಮಾಡಿ ಮಾಡಿ ಕೈ ಸ್ಕೂಟರ್ ಥರಾನೇ ಆಗೈತೆ. ಡೋಜರ್ ಮುಂಭಾಗ ಯಾವ್ದು ಹಿಂಭಾಗ ಯಾವ್ದು ಅಂತನಾದ್ರೂ ನೆನಪೈತೇನೋ?" ಎಂದಳು.

"ಕಾಫಿ ಕೊಡಿ ಅಕ್ಕ, ನೆನಪಾಗ್ತದೆ" ಎಂದ ಸೋಮ.

ಗುಜರಿಯವನು ಇಬ್ಬರು ಆಳುಗಳು ಮತ್ತು ಎರಡು ಗ್ಯಾಸ್ ಸಿಲಿಂಡರ್ ಜೊತೆ ಒಂಬತ್ತಕ್ಕೆಲ್ಲ ಹಾಜರಾದ. ಹಲಸಿನ ಮರದ ಕೆಳಗೆ ಲಾರಿ ನಿಲ್ಲಿಸಿ, ಮದುವೆಗೆ ಬಂದ ನೆಂಟನ ಹಾಗೆ ಕಾಲು ಚಾಚಿ ಕೂತ. ಹುಚ್ಚಮ್ಮ ಅವನಿಗೆ ಕುಡಿಯಲು ನೀರನ್ನೂ ಕೊಡಲಿಲ್ಲ. ಸೋತರೆ ಕೊಡುವ ಕಾಫಿಯನ್ನು ಮೊದಲೇ ಯಾಕೆ ಕೊಡಬೇಕು.

ಸೋಮನ ಕೆಲಸದಲ್ಲಿ ತಪ್ಪು ಹಿಡಿಯಲೆಂದೇ ಅವಳು ಮೋಟು ಸ್ಟೂಲ್ ಹಾಕಿಕೊಂಡು ಎದುರಿಗೆ ಕೂತಳು. ಅವನು ಸೈಲೆನ್ಸರಿನ ಡಬ್ಬಿ ತೆಗೆದ. ಗಾಳಿ ಎಳೆದುಕೊಳ್ಳುವ ಕಡೆಯ ಫಿಲ್ಟರ್ ಬಿಚ್ಚಿದಾಗ ಒಳಗೆ ಇಲಿ ಸಂಸಾರ ಮಾಡಿದ ಗುರುತು, ಸಿಲ್ವರ್ ಓಕ್ ಎಲೆ, ಕಾಫಿ ಸಿಪ್ಪೆ, ಅನುಶ್ರೀಯ ಹಳೇ ರಿಬ್ಬನ್. ಇಂಜಿನ್ ಆಯಿಲ್ ಅದ್ದಿ ನೋಡಿ ಬೆರಳಲ್ಲಿ ತಿಕ್ಕಿದ, ನೀರು ಸೇರಿರಲಿಲ್ಲ. ಇಂಜೆಕ್ಟರ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಸ್ವಲ್ಪ ಆಯಿಲ್ ಬಿಟ್ಟು, ಅದು ಒಳಗೆ ಇಳಿಯಲಿ ಎಂದು ಬೀಡಿ ಹಚ್ಚಿದ.

"ಇನ್ನೇನ್ ಮಲ್ಕೊಂಡ್ಬಿಡು. ಚಾಪೆ ತರ್ಲಾ?"

"ಅವಸರ ಮಾಡಿದ್ರೆ ಪಿಸ್ಟನ್ ಹಿಡ್ಕೊಂತದೆ ಅಕ್ಕ."

ಅವಳಿಗೂ ಗೊತ್ತಿತ್ತು. ಇಪ್ಪತ್ತೈದು ವರ್ಷ ನೋಡಿದವಳು. ಆದರೆ ಗೊತ್ತಿದೆ ಎಂದು ಒಪ್ಪಿಕೊಂಡರೆ ಬೈಯಲು ಏನು ಉಳಿಯುತ್ತದೆ?

ಬೀಡಿ ಮುಗಿದ ಮೇಲೆ ಸೋಮ ಫ್ಲೈವೀಲಿನ ಹಲ್ಲಿಗೆ ಹಾರೆ ಕೊಟ್ಟು ಮೀಟಿದ. ಅಲ್ಲಾಡಲಿಲ್ಲ. ಗುಜರಿಯವನು ಕತ್ತು ಉದ್ದ ಮಾಡಿದ. ಇನ್ನೊಂದು ಸಲ ಮೈಭಾರವನ್ನೆಲ್ಲ ಹಾಕಿ ಮೀಟಿದಾಗ ಒಳಗೆಲ್ಲೋ ಟಕ್ ಎಂದು, ಚಕ್ರ ನಾಲ್ಕು ಬೆರಳು ತಿರುಗಿತು. ಆಮೇಲೆ ಒಂದು ಗೇಣು, ಆಮೇಲೆ ಪೂರ್ತಿ ಸುತ್ತು. ಹುಚ್ಚಮ್ಮ ಸೆರಗಿನ ತುದಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಿಟ್ಟಾಗ ಬೆರಳು ನೋಯುತ್ತಿತ್ತು. ಬಾಯಿಂದ ಬಂದದ್ದು ಮಾತ್ರ, "ಹಾರೆ ಹಿಡಿಯೋದ್ನಾದ್ರೂ ಕಲ್ತಿದೀಯ."

ಟ್ಯಾಂಕಿನ ತಳದಿಂದ ಎರಡು ಕ್ಯಾನ್ ಡೀಸೆಲ್ ಇಳಿಸಿದ. ಮೊದಲನೆಯದು ರಾಗಿ ಗಂಜಿಯ ಹಾಗಿತ್ತು, ಎರಡನೆಯದು ತಿಳಿಯಾಗಿತ್ತು. ಫಿಲ್ಟರ್ ಹೊಸದು ಹಾಕಿದ. ಸೀಟಿನ ಹಿಂದಿನ ಟ್ಯಾಂಕಿನ ಮುಚ್ಚಳ ಪೇಂಟಿನಲ್ಲಿ ಕಚ್ಚಿಕೊಂಡಿತ್ತು, ಉಳಿಯಿಂದ ಸುತ್ತ ಬಡಿದು ತಿರುಗಿಸಿ ತೆಗೆದು ಹೊಸ ಡೀಸೆಲ್ ಸುರಿದ. ಅರ್ಧ ಕ್ಯಾನ್ ಸಾಕು ಎಂದವನನ್ನು ಹುಚ್ಚಮ್ಮ ಬಿಡಲಿಲ್ಲ. "ಬಾಯಿವರ್ಗೂ ತುಂಬು. ಅನು ಅಪ್ಪ ಅರ್ಧಂಬರ್ಧ ತುಂಬ್ಸಿದ್ದ ಯಾವತ್ತಾದ್ರೂ ನೋಡಿದೀಯಾ?" ಎಂದಳು. ಸೋಮ ತುಂಬಿಸಿ ಮುಚ್ಚಳ ಗಟ್ಟಿಯಾಗಿ ತಿರುಗಿಸಿದ.

ಡೀಸೆಲ್ ಅಳೆದು ಬಿಡುವ ಪಂಪಿನ ಕಡ್ಡಿ ಅಂಟಿಕೊಂಡಿದ್ದರೆ ಇಂಜಿನ್ ಹುಚ್ಚೆದ್ದು ಓಡಿ ಒಡೆದುಹೋಗುತ್ತದೆ. ಅದಕ್ಕೆ ಕಡ್ಡಿಯನ್ನು ಸಡಿಲ ಮಾಡಿ ಹತ್ತು ಸಲ ಆಡಿಸಿ ನೋಡಿದ. ಅಷ್ಟಾದರೂ ನಂಬದೆ, ಹುಚ್ಚೆದ್ದರೆ ಗಾಳಿಯ ಬಾಯಿ ಮುಚ್ಚಿ ನಿಲ್ಲಿಸಲು ಒಂದು ಹಲಗೆ ತಂದು ಇಟ್ಟುಕೊಂಡ. ಶಿವಪ್ರಕಾಶ ವಿಡಿಯೋ ಮಾಡಲು ಮೊಬೈಲ್ ಎತ್ತಿ ಹಿಡಿದ. "ಎಷ್ಟಾದ್ರೂ ಓದಿದೋರು" ಎಂದಳು ಹುಚ್ಚಮ್ಮ, "ಕೈಯಲ್ಲಿ ಹಿಡಿಯೋಕೆ ಒಂದು ಕೆಲ್ಸ ಸಿಕ್ತು."

ಲಾರಿ ಬ್ಯಾಟರಿ ಎರಡು ಜೋಡಿಸಿ ಸೋಮ ಸೆಲ್ಫ್ ಹೊಡೆದ. ಇಂಜಿನ್ ಮುಲುಗಿತು, ಮತ್ತೆ ಮುಲುಗಿತು. ಮೂರನೇ ಸಲಕ್ಕೆ ಸೈಲೆನ್ಸರಿನಿಂದ ಬಿಳೀ ಹೊಗೆ, ಅದರ ಹಿಂದೆ ಕರೀ ಹೊಗೆ, ಇಲಿಯ ಉಳಿದ ಸಂಸಾರ ಎಲ್ಲ ಒಟ್ಟಿಗೆ ಹೊರಗೆ ಬಿತ್ತು. ಆಮೇಲೆ ಆ ಸದ್ದು. ಡಗ ಡಗ ಡಗ ಎಂದು ನೆಲವೇ ಅದುರಿತು. ಅಡುಗೆಮನೆಯ ಪಾತ್ರೆಗಳು ಕಪಾಟಿನಲ್ಲಿ ಒಂದಕ್ಕೊಂದು ತಾಗತೊಡಗಿದವು. ಅನುಶ್ರೀ ಸೌಟು ಹಿಡಿದುಕೊಂಡೇ ಹಿತ್ತಲಿಗೆ ಓಡಿಬಂದು ಅಳತೊಡಗಿದಳು. ಚಿಕ್ಕವಳಿದ್ದಾಗ ಸಂಜೆ ಹೊತ್ತು ಆ ಸದ್ದು ದೂರದಿಂದ ಕೇಳಿದರೆ ಅಪ್ಪ ಬಂದ ಎಂದು ಅರ್ಥ.

"ಅಳೋಕೇನಾಯ್ತೇ? ನಾನ್ ಹೇಳಿರ್ಲಿಲ್ವಾ ಮಿಷನ್ ಚೆನ್ನಾಗೇ ಐತೆ ಅಂತ?" ಎಂದು ಹುಚ್ಚಮ್ಮ ಮಗಳನ್ನು ಗದರಿಸಿದಳು. ಗುಜರಿಯವನ ಕಡೆ ತಿರುಗಿ, ಅವನ ಕಾಲು ಈಗ ಒಳಗೆ ಮಡಚಿಕೊಂಡಿರುವುದನ್ನು ಸಾವಕಾಶವಾಗಿ ನೋಡಿದಳು.

ಸೋಮ ಇಂಜಿನ್ ಬಿಸಿಯಾಗಲು ಬಿಟ್ಟು, ಕ್ಲಚ್ ಎಳೆದು ಗೇರಿಗೆ ಹಾಕಿದ. ಚೈನು ಕಿರುಗುಟ್ಟಿತು. ಕಪ್ಪಗೆ ಒಣಗಿದ ನಿಂಬೆಹಣ್ಣುಗಳನ್ನು ಪುಡಿಮಾಡುತ್ತಾ ಡೋಜರ್ ಶೆಡ್ಡಿನಿಂದ ಹೊರಗೆ ಬಂತು. ಹಲಸಿನ ಮರ ದಾಟಿತು, ಲಾರಿ ದಾಟಿತು, ತೋಟದ ದಾರಿ ಹಿಡಿಯಿತು. ದಾರಿಯ ಬಾಯಲ್ಲಿ ಇಂಜಿನ್ ಒಮ್ಮೆ ಕೆಮ್ಮಿತು, ಉಸಿರು ಕಟ್ಟಿದ ಹಾಗೆ ಸದ್ದು ಸಣ್ಣಗಾಯಿತು, ನಿಂತಿತು.

ಗುಜರಿಯವನು ಮತ್ತೆ ಕಾಲು ಚಾಚಿದ.

ಸೋಮ ಪೈಪ್ ಬಿಚ್ಚಿದ. ಡೀಸೆಲ್ ಬರುತ್ತಿರಲಿಲ್ಲ. ಕಸ ಕಟ್ಟಿಕೊಂಡಿದೆ ಎಂದು ಪೈಪಿಗೆ ಬಾಯಿಟ್ಟು ಟ್ಯಾಂಕಿನ ಕಡೆಗೆ ಜೋರಾಗಿ ಊದಿದ. ಬುಡುಬುಡು ಎಂದಿತು. ಡೀಸೆಲ್ ಧಾರಾಳವಾಗಿ ಬಂತು. ಪೈಪಿನೊಳಗೆ ಸೇರಿದ್ದ ಏರ್ ತೆಗೆದು ಮತ್ತೆ ಸ್ಟಾರ್ಟ್ ಮಾಡಿದ. ಓಡಿತು. ದಾರಿಯಲ್ಲಿ ಅರ್ಧದವರೆಗೆ ಹೋಯಿತು, ಕೆಮ್ಮಿತು, ನಿಂತಿತು.

"ಅತ್ತೆ, ಸಾಕಲ್ವಾ?" ಎಂದ ಶಿವಪ್ರಕಾಶ. ಪಾಪ, ಈಗ ಅವನ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ. ಅದರಿಂದ ಹುಚ್ಚಮ್ಮನಿಗೆ ಇನ್ನೂ ಉರಿಯಿತು. ಅಳಿಯನ ಕನಿಕರಕ್ಕಿಂತ ಗುಜರಿಯವನ ಕಾಲು ವಾಸಿ.

ಗುಜರಿಯವನು ಸಿಲಿಂಡರಿನ ಪೈಪ್ ಬಿಚ್ಚಿಕೊಂಡು ಬನ್ನಿ ಎಂದು ಆಳುಗಳಿಗೆ ಸನ್ನೆ ಮಾಡಿದ. ಸೋಮ ಚೈನಿನ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಾ, "ಅಣ್ಣಂಗೂ ಹಿಂಗೇ ಆಗಿದ್ದು ಅಕ್ಕ. ಹತ್ ನಿಮಿಷ ಓಡೋದು, ನಿಲ್ಲೋದು. ಕೊನೇವರ್ಗೂ ಅವ್ರಿಗೆ ಗೊತ್ತಾಗ್ಲಿಲ್ಲ. ಇನ್ನು ನನ್ ಕೈಲಿ ಏನಾಯ್ತದೆ?" ಎಂದ.

ಹುಚ್ಚಮ್ಮ ಆ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಬೇರೆ ಓಡುತ್ತಿತ್ತು. ಈ ದಂಡಪಿಂಡ ಟ್ಯಾಂಕ್ ತುಂಬಿಸಿಯೇ ಇಲ್ಲ. ಬಾಯಿವರೆಗೆ ಅಂತ ಹೇಳಿ, ಕ್ಯಾನ್ ಅರ್ಧ ಸುರಿದು, ಉಳಿದದ್ದನ್ನು ಸ್ಕೂಟರಿನ ಹತ್ತಿರ ಇಟ್ಟಿದ್ದಾನೆ. ಅರವತ್ನಾಲ್ಕು ವರ್ಷದ ಹೆಂಗಸು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚೈನಿನ ಮೇಲೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಡೋಜರ್ ಹತ್ತಿದಳು. ಸೀಟಿನ ಹಿಂದೆ ಬಗ್ಗಿ ಟ್ಯಾಂಕಿನ ಮುಚ್ಚಳವನ್ನು ಎರಡೂ ಕೈಯಲ್ಲಿ ತಿರುಗಿಸಿದಳು.

ಉಸ್ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಮುಚ್ಚಳ ಕೈಗೆ ಬಾರದೆ ಒಂದು ಕ್ಷಣ ಹಿಂದೆ ಎಳೆಯಿತು, ಆಮೇಲೆ ಬಿಟ್ಟಿತು. ಒಳಗೆ ಡೀಸೆಲ್ ಕತ್ತಿನ ಹತ್ತಿರದವರೆಗೂ ಇತ್ತು. ಸೋಮ ಮೋಸ ಮಾಡಿರಲಿಲ್ಲ.

ಅವಳು ಮುಚ್ಚಳವನ್ನು ತಿರುಗಿಸಿ ನೋಡಿದಳು. ಒಳಭಾಗದಲ್ಲಿ, ನಡುಮಧ್ಯ, ಸಾಸಿವೆ ಕಾಳಿನಷ್ಟು ಒಂದು ತೂತು. ಹೊರಭಾಗದಲ್ಲಿ ತೂತು ಇಲ್ಲ, ಬರೀ ಹಳದಿ. ತಲೆಯಿಂದ ಹೇರ್‌ಪಿನ್ ಕಿತ್ತು ಆ ಜಾಗವನ್ನು ಕೆರೆದಳು. ಹಳದಿಯ ಕೆಳಗೆ ಹಳದಿ, ಅದರ ಕೆಳಗೂ ಹಳದಿ, ಮೇಣದ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಡೀಸೆಲ್ ಇಳಿದ ಹಾಗೆ ಟ್ಯಾಂಕಿಗೆ ಗಾಳಿ ಹೋಗಲೆಂದು ಬಿಟ್ಟಿದ್ದ ದಾರಿ ಅದು. ಗಾಳಿ ಹೋಗದಿದ್ದರೆ ಡೀಸೆಲ್ ಹೊರಗೆ ಬರುವುದಾದರೂ ಹೇಗೆ. ಬಾಯಿವರೆಗೆ ತುಂಬಿದ ಟ್ಯಾಂಕಿನಲ್ಲಿ ಉಸಿರಾಡಲು ಜಾಗವೂ ಇಲ್ಲ.

ನಾಗರಾಜು ಮಿಷನ್ನಿಗೆ ಬಣ್ಣ ಬಳಿದವನಲ್ಲ. ಆಯುಧಪೂಜೆಗೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ವಿಭೂತಿ ಹಚ್ಚುತ್ತಿದ್ದ. ಹತ್ತು ವರ್ಷದ ಹಿಂದಿನ ಆಯುಧಪೂಜೆಗೆ ಅವನು ಅರಕಲಗೂಡಿಗೆ ಅಣ್ಣನ ಮಗಳ ಮದುವೆಗೆ ಹೋಗಿದ್ದ. ಊರಿನವರ ಜೀಪು, ಟ್ರಾಕ್ಟರ್ ಎಲ್ಲ ಮಿಂಚುತ್ತಿರುವಾಗ ನಮ್ಮದು ಯಾಕೆ ತುಕ್ಕು ಹಿಡಿದ ಹಾಗಿರಬೇಕು ಎಂದು ಹುಚ್ಚಮ್ಮ ಅದೇ ಮೊದಲ ಸಲ ಬ್ರಷ್ ಹಿಡಿದಿದ್ದಳು. ಅವನು ಬಂದು ನೋಡಿ, ಮಾತು ಕಮ್ಮಿಯ ಆಸಾಮಿ, "ಮದುಮಗಳ ಥರ ಆಗೈತೆ" ಎಂದಿದ್ದ. ಅದಾಗಿ ಹದಿನೈದು ದಿನಕ್ಕೆ ಅಶ್ವಥ್ ಅವರ ಕಣದಲ್ಲಿ ಮಿಷನ್ ನಿಂತಿತು.

ಅವನು ಪ್ರತಿ ಸಲವೂ ಡೀಸೆಲ್ ನೋಡಲು ಈ ಮುಚ್ಚಳ ತೆಗೆದಿರುತ್ತಾನೆ. ಪ್ರತಿ ಸಲವೂ ಉಸ್ಸ್ ಎಂದು ಹತ್ತು ನಿಮಿಷದ ಗಾಳಿ ಒಳಗೆ ಹೋಗಿರುತ್ತದೆ. ಅವನಿಗೆ ಕೇಳಿಸಿಲ್ಲ.

ಕೆಳಗೆ ಯಾರೂ ಅವಳನ್ನು ನೋಡುತ್ತಿರಲಿಲ್ಲ. ಸೋಮ ಸ್ಪಾನರ್‌ಗಳನ್ನು ಚೀಲಕ್ಕೆ ತುಂಬುತ್ತಿದ್ದ, ಅಳಿಯ ಮೊಬೈಲಿನಲ್ಲಿ ಮುಳುಗಿದ್ದ. ತೂತು ಈಗ ಬಿಚ್ಚಿಕೊಂಡಿತ್ತು. ಪಿನ್ನನ್ನು ತಲೆಗೆ ಸಿಕ್ಕಿಸಿ, ಮುಚ್ಚಳ ಹಾಕಿ, ಇನ್ನೊಂದು ಸಲ ಹೊಡಿಯೋ ದಂಡಪಿಂಡ ಎಂದಿದ್ದರೆ ಮುಗಿಯುತ್ತಿತ್ತು. ಡೋಜರ್ ಉಳಿಯುತ್ತಿತ್ತು, ಅವಳ ಹತ್ತು ವರ್ಷದ ಮಾತೂ ಉಳಿಯುತ್ತಿತ್ತು. ಹುಚ್ಚಮ್ಮ ಗಂಡನ ಸೀಟಿನ ಮೇಲೆ ಕೂತು ಅದನ್ನೂ ಯೋಚಿಸಿದಳು. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಸೋಮ, ಅನು ಅಪ್ಪನ ಕೈ ಹೋಗಿರ್ಲಿಲ್ಲ ಕಣೋ" ಎಂದಳು ಮೆಲ್ಲಗೆ.

"ಏನಕ್ಕಾ?" ಸೋಮ ಕಿವಿಗೆ ಅಂಗೈ ಆನಿಸಿದ.

ಇನ್ನೊಂದು ಸಲ ಹೇಳಿದಳು. ಅವನಿಗೆ ಆಗಲೂ ಕೇಳಿಸಲಿಲ್ಲ. ಕೊನೆಗೆ ಅವಳು ಎದ್ದು ನಿಂತು, ಅಂದು ಕಣದಲ್ಲಿ ಕೂಗಿದ್ದ ಅದೇ ಗಂಟಲಿನಲ್ಲಿ ಕೂಗಿದಳು. "ಅವ್ನ್ ಕೈ ಹೋಗಿರ್ಲಿಲ್ಲ. ಮುಚ್ಚಳದ ತೂತಿಗೆ ಪೇಂಟ್ ಬಳ್ದಿದ್ದು ನಾನು. ಮಿಷನ್ ನಿಲ್ಸಿದ್ದೂ ನಾನೇ, ಅವ್ನನ್ನ ಬೈದಿದ್ದೂ ನಾನೇ. ದಂಡಪಿಂಡ ಯಾರು ಅಂತ ಎಲ್ರೂ ನೋಡ್ಕೊಳ್ರಿ, ಇಲ್ಲೇ ನಿಂತೈತೆ."

ಗ್ಯಾಸ್ ಪೈಪ್ ಎಳೆದುಕೊಂಡು ಬರುತ್ತಿದ್ದ ಆಳುಗಳು ನಿಂತರು. ಯಾರಾದರೂ ಕಿಸಕ್ಕೆನ್ನಲಿ ಎಂದು ಅವಳು ಕಾದಳು. ಯಾರೂ ನಗಲಿಲ್ಲ. ಅನುಶ್ರೀ ತಲೆ ಎತ್ತಿ ತಾಯಿಯನ್ನೇ ನೋಡುತ್ತಿದ್ದಳು. ಆ ನೋಟವನ್ನು ಹುಚ್ಚಮ್ಮನಿಗೆ ಎದುರಿಸಲಾಗಲಿಲ್ಲ, ಮುಚ್ಚಳವನ್ನು ತಿರುಗಿಸಿ ಹಾಕುವ ನೆವದಲ್ಲಿ ಬಗ್ಗಿದಳು.

ಸೋಮ ಮೇಲೆ ಹತ್ತಿ ಮುಚ್ಚಳ ನೋಡಿದ, ಪಿನ್ನಿನ ತುದಿಯ ಹಳದಿ ನೋಡಿದ. "ನಾನೂ ನೋಡ್ಲಿಲ್ವಲ್ಲಕ್ಕ" ಎಂದಷ್ಟೇ ಹೇಳಿ ಸೆಲ್ಫ್ ಹೊಡೆದ. ಡೋಜರ್ ಮೇಲಿನ ಗೇಟ್ ಮುಟ್ಟಿತು, ತಿರುಗಿತು, ಒಂದು ಸಲವೂ ಕೆಮ್ಮದೆ ಹಿತ್ತಲಿಗೆ ವಾಪಸ್ ಬಂತು. ಹುಚ್ಚಮ್ಮ ಅಷ್ಟು ದೂರವೂ ಅದರ ಹಿಂದೆ, ಚೈನಿನ ಗುರುತಿನ ಮೇಲೆ, ನಡೆದುಕೊಂಡು ಹೋಗಿ ನಡೆದುಕೊಂಡು ಬಂದಳು.

ಗುಜರಿಯವನು ಸಿಲಿಂಡರ್ ಲಾರಿಗೆ ಏರಿಸುತ್ತಿದ್ದಾಗ ಅವಳು ಅವನಿಗೂ ಅವನ ಆಳುಗಳಿಗೂ ಕಾಫಿ ತಂದುಕೊಟ್ಟಳು. ಯಾರೂ ಕೇಳಿರಲಿಲ್ಲ. ಶಿವಪ್ರಕಾಶ ಅವಳ ಪಕ್ಕ ಬಂದು ನಿಂತು, ಸಮಾಧಾನ ಹೇಳಬೇಕೆಂದೋ ಏನೋ, "ನೀವು ಹೇಳಿದ್ದೇ ಸರಿಯಾಯ್ತಲ್ಲ ಅತ್ತೆ. ಮಿಷನ್ ಚೆನ್ನಾಗೇ ಇತ್ತು" ಎಂದ.

"ಮನುಷ್ಯನೂ ಚೆನ್ನಾಗೇ ಇದ್ದ ಶಿವಪ್ರಕಾಶ" ಎಂದಳು ಹುಚ್ಚಮ್ಮ.